ಗೇಮಿಂಗ್ ಪಿಸಿಗೆ ಲಿನಕ್ಸ್ ಹಾಕೋ ಮುಂಚೆ ಈ ಲೆಕ್ಕ ಮಾಡ್ಕೊಳ್ಳಿ

ಭಾಗ 1/9

“ಲಿನಕ್ಸ್ ಹಾಕಿದ್ಯಂತೆ ಮಗಾ, ಗೇಮ್ ಓಡುತ್ತಾ?”

ದೀಪಾವಳಿಯಿಂದ ಈಚೆಗೆ ಕ್ಲಾಸಲ್ಲಿ, ಕ್ಯಾಂಟೀನಲ್ಲಿ, ಡಿಎಂನಲ್ಲಿ ನನಗೆ ಅತಿ ಹೆಚ್ಚು ಸಲ ಬಂದಿರೋ ಪ್ರಶ್ನೆ ಇದು. ಒಂದೇ ಸಾಲಿನ ಉತ್ತರ ಸಾಕು ಅನ್ನೋರಿಗೆ: ಬಹಳಷ್ಟು ಓಡುತ್ತೆ, ಕೆಲವು ಓಡೋದೇ ಇಲ್ಲ. ಆದ್ರೆ ಆ “ಕೆಲವು” ಯಾವುವು, ಅವನ್ನು ನೀವು ಯಾರ ಜೊತೆ ಆಡ್ತೀರಿ ಅನ್ನೋದರ ಮೇಲೆ ನಿಮ್ಮ ಇಡೀ ನಿರ್ಧಾರ ನಿಂತಿರುತ್ತೆ. ಅದನ್ನು ಯೂಟ್ಯೂಬ್ ವಿಡಿಯೋಗಳಲ್ಲಿ ಯಾರೂ ಸರಿಯಾಗಿ ಹೇಳಲ್ಲ. ಅವರು ಎಫ್‌ಪಿಎಸ್ ಎಷ್ಟು ಬಂತು ಅಂತ ತೋರಿಸಿ ಮುಗಿಸ್ತಾರೆ.

ನಾನು ಬಿಕಾಂ ಫೈನಲ್ ಇಯರ್. ಮನೆ ಬಸವೇಶ್ವರನಗರ. ಕೋಡಿಂಗ್ ಬರಲ್ಲ. ಕಪ್ಪು ಪರದೆ ಮೇಲೆ ಟಕಟಕ ಅಂತ ಕಮಾಂಡ್ ಹೊಡೆಯೋ ಜಾತಿಯೂ ಅಲ್ಲ. ನನಗೆ ಗೊತ್ತಿರೋದು ಲೆಕ್ಕ ಬರೆಯೋದು: ಏನು ಹೋಯ್ತು, ಏನು ಬಂತು. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದೆ ಇಡ್ತೀನಿ.

ಭಯ ಬೇಡ. ನಿಮ್ಮ ಕೈಯಲ್ಲಿರೋದು ಆಂಡ್ರಾಯ್ಡ್ ಫೋನ್ ಆಗಿದ್ರೆ ಅದರ ಕರ್ನಲ್, ಅಂದ್ರೆ ಒಳಗಿನ ಮೂಲ ಭಾಗ, ಲಿನಕ್ಸೇ. 1991ರಲ್ಲಿ ಇದನ್ನು ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಆಗ ಹೆಲ್ಸಿಂಕಿಯಲ್ಲಿ ಓದ್ತಿದ್ದ 21 ವರ್ಷದ ಹುಡುಗ. ನಮಗಿಂತ ಒಂದೇ ವರ್ಷ ದೊಡ್ಡವನು.

ಒಟ್ಟು 9 ಪೋಸ್ಟ್. ಕ್ಯಾಪ್ಷನ್ ಉದ್ದ ಇದೆ, ಗೊತ್ತು. ಸೇವ್ ಮಾಡ್ಕೊಂಡು ಪರ್ಪಲ್ ಲೈನಲ್ಲಿ ಓದಿ. ವಿಜಯನಗರದಲ್ಲಿ ಹತ್ತಿದ್ರೆ ಕೆಂಗೇರಿ ಬರೋಷ್ಟರಲ್ಲಿ ಹೆಚ್ಚುಕಮ್ಮಿ ಮುಗಿದಿರುತ್ತೆ.

ಭಾಗ 2/9: ಯಾಕೆ ಬೇಕಾಯ್ತು?

ವಿಂಡೋಸ್ 10 ಬಂದಿದ್ದು 2015ರಲ್ಲಿ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಸಪೋರ್ಟ್ ಮುಗೀತು. ಮುಗೀತು ಅಂದ್ರೆ ಪಿಸಿ ಆಫ್ ಆಗೋಯ್ತು ಅಂತಲ್ಲ, ಎಂದಿನಂತೆ ಆನ್ ಆಗುತ್ತೆ, ಗೇಮೂ ಓಡುತ್ತೆ. ಆದ್ರೆ ಹೊಸದಾಗಿ ಯಾವುದಾದ್ರೂ ತೂತು ಸಿಕ್ಕಿದ್ರೆ ಅದನ್ನು ಮುಚ್ಚೋ ಸೆಕ್ಯೂರಿಟಿ ಅಪ್‌ಡೇಟ್ ಮಾಮೂಲಾಗಿ ಬರಲ್ಲ. ಬರೀ ಗೇಮ್ ಆಡೋ ಪಿಸಿ ಆಗಿದ್ರೆ ಒಂದು ಮಾತು. ಅದೇ ಪಿಸಿಯಲ್ಲಿ ಅಪ್ಪನ ಬ್ಯಾಂಕ್ ಲಾಗಿನ್, ನನ್ನ ಪರೀಕ್ಷಾ ಫೀಸು, ಅಮ್ಮನ ಕರೆಂಟ್ ಬಿಲ್ಲು ಎಲ್ಲಾ ಆಗುತ್ತೆ.

ವಿಂಡೋಸ್ 11ಗೆ ಹೋಗೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ವ್ಯವಸ್ಥೆ ಬೇಕು, ಜೊತೆಗೆ ಪ್ರೊಸೆಸರ್ ಅವರ ಪಟ್ಟಿಯಲ್ಲಿ ಇರಬೇಕು. ಇಂಟೆಲ್‌ನಲ್ಲಿ ಒಂದೆರಡು ಬಿಟ್ರೆ ಆ ಪಟ್ಟಿ 8ನೇ ತಲೆಮಾರಿನಿಂದ ಶುರು. ನಮ್ಮ ಮನೇದು ಐ5-7400. ಏಳನೇದು. ಒಂದೇ ಮೆಟ್ಟಿಲಲ್ಲಿ ಹೊರಗೆ.

ಇದು 2018ರಲ್ಲಿ ಅಕ್ಕನ ಡಿಪ್ಲೊಮಾಗೆ ಅಂತ ಅಪ್ಪ ಚೀಟಿ ಎತ್ತಿ ತಂದ ಪಿಸಿ. ಆಮೇಲೆ ನಾನು 2022ರ ಕೊನೆಗೆ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 570 ಕಾರ್ಡ್ ಹಾಕಿಸಿದೆ. ಆ ವರ್ಷ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ ನಿಂತು ಹಳೇ ಕಾರ್ಡುಗಳು ಮಾರ್ಕೆಟ್ಟಿಗೆ ಬಂದಿದ್ದವು. ಅಲ್ಲಿಂದ ಅದು “ಗೇಮಿಂಗ್ ಪಿಸಿ” ಆಯ್ತು.

ಅಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಲೇತ್ ಮೇಲೆ ಕೆಲಸ ಮಾಡ್ತಾರೆ. ಹೊಸ ಪಿಸಿ ವಿಷಯ ಎತ್ತಿದಾಗ ಅವರು ಕೇಳಿದ್ದು ಇಷ್ಟೇ:

“ಹಳೇದು ಕೆಟ್ಟೋಗಿದ್ಯೇನೋ?”

“ಇಲ್ಲಪ್ಪ, ಚೆನ್ನಾಗೇ ಓಡ್ತಿದೆ.”

“ಓಡ್ತಿರೋ ಮಿಷನ್ನ ಯಾರಾದ್ರೂ ಗುಜರಿಗೆ ಹಾಕ್ತಾರೇನೋ?”

ಅವರ ಲೇತು ನನಗಿಂತ ವಯಸ್ಸಲ್ಲಿ ದೊಡ್ಡದು. ಇದಕ್ಕೆ ನಾನೇನು ಉತ್ತರ ಕೊಡಲಿ, ನೀವೇ ಹೇಳಿ.

ಭಾಗ 3/9: ಪುಸ್ತಕದ ಬೆಲೆ, ನಿಜವಾದ ಬೆಲೆ

ನಮ್ಮ ಕ್ಲಾಸಿನವರಿಗೆ ಒಂದು ಚಿಕ್ಕ ಲೆಕ್ಕ. ಇನ್‌ಕಮ್ ಟ್ಯಾಕ್ಸ್ ಪ್ರಕಾರ ಕಂಪ್ಯೂಟರಿಗೆ ಡಿಪ್ರಿಸಿಯೇಷನ್ 40%, ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ. 40,000 ರೂಪಾಯಿಗೆ ತಂದ ಪಿಸಿಯನ್ನು 7 ವರ್ಷ ಹೀಗೆ ಇಳಿಸ್ತಾ ಬನ್ನಿ. ಕೊನೆಗೆ ಉಳಿಯೋದು ಸುಮಾರು 1,120 ರೂಪಾಯಿ. ಪುಸ್ತಕದಲ್ಲಿ ಅದರ ಬೆಲೆ ಅಷ್ಟೇ. ಆದ್ರೆ ಅದೇ 1,120 ರೂಪಾಯಿಯ ಆಸ್ತಿ ರಾತ್ರಿ ಜಿಟಿಎ 5 ಓಡಿಸುತ್ತೆ, ಬೆಳಗ್ಗೆ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡುತ್ತೆ. ಅಕ್ಟೋಬರ್ 1ರ ಮಹಾನವಮಿ ದಿನ ಅಮ್ಮ ಅದಕ್ಕೆ ಕುಂಕುಮ ಇಟ್ಟು ಹೂ ಮುಡಿಸಿದ್ರು. ಎರಡೇ ವಾರ ಕಳೆದು ಅದರ ಓಎಸ್‌ಗೆ ಕೊನೇ ದಿನ.

ನನ್ನ ಮುಂದೆ ಇದ್ದ ದಾರಿಗಳು ನಾಲ್ಕು. ನಿಮ್ಮ ಮುಂದೆಯೂ ಇವೇ ಇರುತ್ತೆ.

ಒಂದು, ಹೊಸ ಪಿಸಿ. ಎಸ್‌ಪಿ ರೋಡಲ್ಲಿ ನನಗೆ ಬರೆದುಕೊಟ್ಟ ಕೊಟೇಷನ್ 58,000. ಅಪ್ಪನ ಮಾತು ಮೇಲೆ ಓದಿದ್ರಲ್ಲ, ಇದು ಅಲ್ಲಿಗೇ ಮುಗೀತು.

ಎರಡು, ವಿಂಡೋಸ್ 10ರಲ್ಲೇ ಇದ್ದು ಇಎಸ್‌ಯು ಅನ್ನೋ ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಸೇರೋದು. ಅದರಲ್ಲಿ 2026ರ ಅಕ್ಟೋಬರ್ 13ರವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತೆ. ಒಳ್ಳೇ ದಾರಿಯೇ, ಒಂದು ವರ್ಷದ ಉಸಿರು.

ಮೂರು, ಪಟ್ಟಿಯಲ್ಲಿ ಇಲ್ಲದ ಪಿಸಿಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕೋದು. ಹಾಕೋಕೆ ಆಗುತ್ತೆ. ಆದ್ರೆ ಮುಂದೆ ಅಪ್‌ಡೇಟ್ ಸಿಗುತ್ತೆ ಅನ್ನೋ ಖಾತ್ರಿ ಕೊಡಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ.

ನಾಲ್ಕು, ಲಿನಕ್ಸ್. ಬೆಲೆ ಸೊನ್ನೆ. ಕನಿಷ್ಠ ರೂಪಾಯಿ ಲೆಕ್ಕದಲ್ಲಿ.

ಎಕನಾಮಿಕ್ಸಲ್ಲಿ “ಸ್ವಿಚಿಂಗ್ ಕಾಸ್ಟ್” ಅಂತ ಓದಿದ್ದೀವಲ್ಲ, ಒಂದು ವಸ್ತು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತೆರಬೇಕಾದ ಬೆಲೆ. ಅದರಲ್ಲಿ ದುಡ್ಡಿನ ಭಾಗ ಸಣ್ಣದು. ಉಳಿದಿದ್ದು ಏನು ಅನ್ನೋದೇ ಮುಂದಿನ ಪೋಸ್ಟುಗಳ ಕಥೆ.

ಭಾಗ 4/9: ವಿಂಡೋಸ್ ಗೇಮ್ ಲಿನಕ್ಸಲ್ಲಿ ಹೇಗೆ ಓಡುತ್ತೆ?

ಗೇಮ್ ಅಂದ್ರೆ ದಿನವಿಡೀ ಓಎಸ್ ಹತ್ರ ಏನಾದ್ರೂ ಕೇಳ್ತಾನೇ ಇರೋ ಗಿರಾಕಿ. “ಆ ಫೈಲ್ ತೆಗಿ, ಈ ಸೌಂಡ್ ಹಾಕು, ಇಲ್ಲೊಂದು ಗೋಡೆ ಬರಿ” ಅಂತ. ವಿಂಡೋಸ್ ಗೇಮ್ ಇದನ್ನೆಲ್ಲ ವಿಂಡೋಸ್ ಭಾಷೆಯಲ್ಲಿ ಕೇಳುತ್ತೆ. ಲಿನಕ್ಸಿಗೆ ಆ ಭಾಷೆ ಬರಲ್ಲ. ನಡುವೆ ದುಭಾಷಿ ಬೇಕು.

ಆ ದುಭಾಷಿ ಹೆಸರು ವೈನ್. 1993ರಿಂದ ಇರೋ ಯೋಜನೆ. ಗೇಮಿನ ಕೋಡನ್ನು ನಿಮ್ಮ ಪ್ರೊಸೆಸರ್ ನೇರವಾಗೇ ಓಡಿಸುತ್ತೆ, ಬರೀ ಕೇಳಿಕೆಗಳನ್ನು ಮಾತ್ರ ವೈನ್ ಲಿನಕ್ಸ್ ಭಾಷೆಗೆ ತಿರುಗಿಸುತ್ತೆ. ಅದಕ್ಕೇ ಸ್ಪೀಡ್ ಅಷ್ಟೊಂದು ಕಡಿಮೆ ಆಗಲ್ಲ. ಚಿತ್ರದ ಭಾಗಕ್ಕೆ ಬೇರೆ ದುಭಾಷಿ ಇದ್ದಾನೆ, ಡಿಎಕ್ಸ್‌ವಿಕೆ. ಗೇಮ್ ಡೈರೆಕ್ಟ್‌ಎಕ್ಸಲ್ಲಿ ಹೇಳಿದ್ದನ್ನು ವಲ್ಕನ್‌ಗೆ ತಿರುಗಿಸೋದು ಅವನ ಕೆಲಸ.

2018ರ ಆಗಸ್ಟಲ್ಲಿ ಸ್ಟೀಮ್ ನಡೆಸೋ ವಾಲ್ವ್ ಕಂಪನಿ ಇವನ್ನೆಲ್ಲ ಒಟ್ಟು ಸೇರಿಸಿ “ಪ್ರೋಟಾನ್” ಅಂತ ಸ್ಟೀಮ್ ಒಳಗೇ ಇಟ್ಟಿತು. ಮೊದಲ ದಿನ ಅಧಿಕೃತ ಪಟ್ಟಿಯಲ್ಲಿ ಇದ್ದಿದ್ದು 27 ಗೇಮ್. 2022ರಲ್ಲಿ ಅದೇ ಕಂಪನಿ ಸ್ಟೀಮ್ ಡೆಕ್ ಅನ್ನೋ ಕೈಲಿ ಹಿಡಿಯೋ ಗೇಮಿಂಗ್ ಮಿಷನ್ ಮಾರೋಕೆ ಶುರು ಮಾಡಿತು. ಅದರೊಳಗೆ ಇರೋದು ಲಿನಕ್ಸು. ಅದು ಮಾರಾಟ ಆಗಬೇಕಾದ್ರೆ ಗೇಮುಗಳು ಲಿನಕ್ಸಲ್ಲಿ ಓಡಲೇಬೇಕಲ್ಲ, ಹಾಗಾಗಿ ಪ್ರೋಟಾನ್ ಮೇಲೆ ದುಡ್ಡು ಸುರಿದ್ರು. ಆ ಕೆಲಸದ ಲಾಭ ಬಸವೇಶ್ವರನಗರದ ನನ್ನ ಹಳೇ ಪಿಸಿಗೂ ಬಂತು. 2025ರ ಅಕ್ಟೋಬರ್ ತಿಂಗಳ ಸ್ಟೀಮ್ ಸರ್ವೇಯಲ್ಲಿ ಲಿನಕ್ಸ್ ಬಳಸೋರು ಮೊದಲ ಸಲ 3% ದಾಟಿದ್ರು.

ನಿಮ್ಮ ಗೇಮ್ ಓಡುತ್ತಾ ಅಂತ ನೋಡೋಕೆ ಪ್ರೋಟಾನ್‌ಡಿಬಿ ಅನ್ನೋ ಜಾಗ ಇದೆ. ಆಡಿದವರೇ ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅಂತ ಮಾರ್ಕ್ಸ್ ಕೊಟ್ಟಿರ್ತಾರೆ. ಕೆಲವು ಗೇಮಿಗೆ ದುಭಾಷಿಯೂ ಬೇಡ, ನೇರ ಲಿನಕ್ಸ್ ಆವೃತ್ತಿಯೇ ಇದೆ: ಕೌಂಟರ್-ಸ್ಟ್ರೈಕ್ 2, ಡೋಟಾ 2, ಸ್ಟಾರ್ಡ್ಯೂ ವ್ಯಾಲಿ, ಹಾಲೋ ನೈಟ್, ಯೂರೋ ಟ್ರಕ್ ಸಿಮ್ಯುಲೇಟರ್ 2. ಕೊನೇದರಲ್ಲಿ ನಮ್ಮ ಕಡೆ ಬಸ್ಸಿನ ಮಾಡ್ ಹಾಕ್ಕೊಂಡು ಓಡಿಸೋ ಹುಚ್ಚು ಇರೋರು ನಮ್ಮ ಕ್ಲಾಸಲ್ಲೇ ಮೂರು ಜನ ಇದ್ದೀರಿ, ಹೆಸರು ಹೇಳಲ್ಲ.

ಭಾಗ 5/9: ಓಡದೇ ಇರೋವು

ಈಗ ಬೇಜಾರಿನ ಪಟ್ಟಿ. ವ್ಯಾಲೊರಂಟ್. ಫೋರ್ಟ್‌ನೈಟ್. ಈಗಿನ ಕಾಲ್ ಆಫ್ ಡ್ಯೂಟಿಗಳು. ಇತ್ತೀಚಿನ ಇಎ ಎಫ್‌ಸಿ ಫುಟ್‌ಬಾಲ್ ಗೇಮುಗಳು. ಏಪೆಕ್ಸ್ ಲೆಜೆಂಡ್ಸ್. ಜಿಟಿಎ 5 ಕಥೆಯ ಭಾಗ ಓಡುತ್ತೆ, 2024ರ ಸೆಪ್ಟೆಂಬರಿಂದ ಜಿಟಿಎ ಆನ್‌ಲೈನ್ ಓಡಲ್ಲ.

ಇವಕ್ಕೆಲ್ಲ ಕಾರಣ ಗ್ರಾಫಿಕ್ಸ್ ಅಲ್ಲ, ಆಂಟಿ-ಚೀಟ್. ಮೋಸ ಮಾಡೋರನ್ನ ಹಿಡಿಯೋ ಕಾವಲುಗಾರ ಸಾಫ್ಟ್‌ವೇರ್. ವ್ಯಾಲೊರಂಟ್ ಜೊತೆ 2020ರಲ್ಲಿ ಬಂದ ವ್ಯಾನ್‌ಗಾರ್ಡ್ ನಿಮ್ಮ ಪಿಸಿ ಆನ್ ಆಗುವಾಗಲೇ ಎದ್ದು, ವಿಂಡೋಸಿನ ಕರ್ನಲ್ ಒಳಗೆ ಕೂತಿರುತ್ತೆ. ಲಿನಕ್ಸಲ್ಲಿ ಆ ಕರ್ನಲನ್ನೇ ಯಾರು ಬೇಕಾದ್ರೂ ಬಿಚ್ಚಿ, ಬದಲಾಯಿಸಿ, ಮತ್ತೆ ಜೋಡಿಸಬಹುದು. ಮನೆ ಯಜಮಾನ ಗೋಡೆ ಒಡೆದು ಹೊಸ ಬಾಗಿಲು ಇಡಬಹುದು ಅಂದ್ರೆ ಬಾಗಿಲಲ್ಲಿ ನಿಂತ ಕಾವಲುಗಾರ ಏನು ಮಾಡ್ತಾನೆ? 2024ರ ಅಕ್ಟೋಬರ್ 31ಕ್ಕೆ ಏಪೆಕ್ಸ್‌ನವರು ಲಿನಕ್ಸನ್ನು ಬಂದ್ ಮಾಡಿದಾಗ ಕೊಟ್ಟ ಕಾರಣವೂ ಇದೇ ಧಾಟಿಯದು. ರ‍್ಯಾಂಕೆಡ್ ಮ್ಯಾಚಲ್ಲಿ ಗೋಡೆ ಆಚೆಯಿಂದ ತಲೆಗೆ ಹೊಡೆಸಿಕೊಂಡವರಿಗೆ ಅವರ ಮಾತಲ್ಲೂ ನ್ಯಾಯ ಇದೆ ಅನ್ಸುತ್ತೆ. ನನಗೂ ಅನ್ಸುತ್ತೆ.

ಆದ್ರೆ ಒಂದು ವಿಷಯ ತಿಳ್ಕೊಳ್ಳಿ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಅನ್ನೋ ಎರಡು ದೊಡ್ಡ ಆಂಟಿ-ಚೀಟ್‌ಗಳು 2021ರಿಂದಲೇ ಪ್ರೋಟಾನ್ ಜೊತೆ ಕೆಲಸ ಮಾಡೋಕೆ ದಾರಿ ಮಾಡಿವೆ. ಆ ಸ್ವಿಚ್ ಒತ್ತಬೇಕಾದ್ದು ಗೇಮ್ ಮಾಡಿದವರು. ಎಲ್ಡನ್ ರಿಂಗ್‌ನವರು ಒತ್ತಿದ್ರು, ಓಡುತ್ತೆ. ಕೆಲವರು ಒತ್ತಲಿಲ್ಲ. ಹಾಗಾಗಿ “ಲಿನಕ್ಸಲ್ಲಿ ಈ ಗೇಮ್ ಆಗಲ್ಲ” ಅಂತ ಯಾರಾದ್ರೂ ಅಂದ್ರೆ, ಅದು ಪಿಸಿಗೆ ಕೈಲಾಗದ ಮಾತೋ, ಯಾರೋ ಬೇಡ ಅಂದ ಮಾತೋ ಅಂತ ಮೊದಲು ನೋಡಿ. ಮೊದಲನೇದಾದ್ರೆ ಇವತ್ತಲ್ಲ ನಾಳೆ ಸರಿಹೋಗಬಹುದು. ಎರಡನೇದು ನಿಮ್ಮ ಕೈಲೂ ಇಲ್ಲ, ಲಿನಕ್ಸಿನವರ ಕೈಲೂ ಇಲ್ಲ. ಕಾಯೋದೂ ವೇಸ್ಟ್.

ಕಾವಲುಗಾರನ ಕಣ್ಣು ತಪ್ಪಿಸಿ ಆಡೋ ಟ್ರಿಕ್ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅಕೌಂಟ್ ಬ್ಯಾನ್ ಆಗುತ್ತೆ, ನಿಮ್ಮ ಸ್ಕಿನ್ನುಗಳೂ ಹೋಗುತ್ತೆ.

ಭಾಗ 6/9: ಐದನೇಯವರು ಯಾರು?

ಲೆಕ್ಕದ ದೊಡ್ಡ ಐಟಂ ಇದು.

ವಿಜಯನಗರದಲ್ಲಿ ಪಿಯು ಓದುವಾಗ ನಾವು ಐದು ಜನ. ಪಿಯು ಮುಗಿದ ಮೇಲೆ ಒಬ್ಬ ಕೆಂಗೇರಿ ಕಡೆ ಇಂಜಿನಿಯರಿಂಗ್, ಒಬ್ಬ ಮೈಸೂರು, ಒಬ್ಬಳು ನಾಗರಭಾವಿಯಲ್ಲಿ ಲಾ, ಇನ್ನೊಬ್ಬ ರಾಜಾಜಿನಗರದಲ್ಲಿ ಅವರ ಮಾವನ ಮೆಡಿಕಲ್ ಶಾಪಲ್ಲಿ ಕೂತ. ನಾನು ಬಿಕಾಂ. ಹಗಲಲ್ಲಿ ಯಾರಿಗೂ ಯಾರೂ ಸಿಗಲ್ಲ. ಆದ್ರೆ ರಾತ್ರಿ ಊಟ ಆಗಿ 10 ಗಂಟೆಗೆ ಐದೂ ಜನ ವ್ಯಾಲೊರಂಟಲ್ಲಿ. ವಾರಕ್ಕೆ ನಾಲ್ಕೈದು ರಾತ್ರಿ, ಎರಡು ವರ್ಷ.

ನಿಜ ಹೇಳ್ಬೇಕಂದ್ರೆ ಅಲ್ಲಿ ಆಟ ಅರ್ಧ, ಮಾತು ಅರ್ಧ. ಮೈಸೂರಿನವನ ಬ್ಯಾಕ್‌ಲಾಗ್, ಮೆಡಿಕಲ್ ಶಾಪಿನವನಿಗೆ ಓದು ಬಿಟ್ಟ ಬೇಜಾರು, ನಾಗರಭಾವಿಯವಳ ಮನೇಲಿ ಗಂಡು ನೋಡೋಕೆ ಶುರು ಮಾಡಿದ್ದು, ಎಲ್ಲಾ ನನಗೆ ಗೊತ್ತಾಗಿದ್ದು ಸ್ಪೈಕ್ ಪ್ಲಾಂಟ್ ಆಗೋ ನಡುವೆ. ಮುಖ ನೋಡ್ಕೊಂಡು ಕೇಳಿದ್ರೆ ಇವರ್ಯಾರೂ ಬಾಯಿ ಬಿಡ್ತಿರಲಿಲ್ಲ.

ಲಿನಕ್ಸಿಗೆ ಹೋಗ್ತೀನಿ ಅಂತ ಗ್ರೂಪಲ್ಲಿ ಹಾಕಿದಾಗ ಯಾರೂ ಬೈಯಲಿಲ್ಲ. ಕೆಂಗೇರಿಯವನು ಒಂದೇ ಮೆಸೇಜ್ ಹಾಕಿದ: “ಹಂಗಾದ್ರೆ ಐದನೇಯವರು ಯಾರು?”

ಒಂದು ವಾರದಲ್ಲಿ ಐದನೇಯವರು ಸಿಕ್ಕಿದ್ರು. ಅವನ ಹಾಸ್ಟೆಲ್ ಹುಡುಗ, ನನಗಿಂತ ಚೆನ್ನಾಗಿ ಆಡ್ತಾನೆ. ಡಿಸ್ಕಾರ್ಡ್ ಲಿನಕ್ಸಲ್ಲಿ ಆರಾಮಾಗಿ ಓಡುತ್ತೆ, ಹಾಗಾಗಿ ನಾನೂ ವಾಯ್ಸ್ ಚಾನೆಲಲ್ಲಿ ಕೂತೆ. ಚಾನೆಲಲ್ಲಿ ಆರು ಹೆಸರು. ಐದು ಜನ ಆಡ್ತಿದ್ರು. ಅವರು ನೋಡ್ತಿರೋದು ನನಗೆ ಕಾಣಲ್ಲ, ಅವರು ನಗೋದು ಯಾಕೆ ಅಂತ ಗೊತ್ತಾಗಲ್ಲ. ಅರ್ಧ ಗಂಟೆ ಕೇಳಿಸಿಕೊಂಡು “ಮಲಗ್ತೀನಿ ಕಣ್ರೋ” ಅಂತ ಹೊರಗೆ ಬಂದೆ.

ಯಾವ ಪ್ರೋಟಾನ್ ಆವೃತ್ತಿಯೂ ಇದನ್ನು ಸರಿ ಮಾಡಲ್ಲ. ಅದಕ್ಕೇ ಹೇಳ್ತಿದ್ದೀನಿ: ಗೇಮುಗಳ ಪಟ್ಟಿ ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೀರಿ. “ಯಾರ ಜೊತೆ” ಅಂತ.

ಭಾಗ 7/9: ಬಿಕಾಂನವರ ಪ್ರಶ್ನೆಗಳು

“ಟ್ಯಾಲಿ ಹೆಂಗೆ ಮಾಡ್ತೀಯ?” ಕಾಮರ್ಸ್‌ನವರು ಇದನ್ನು ಕೇಳೇ ಕೇಳ್ತೀರ. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಿಂದ ಇದೆ. ಟ್ಯಾಲಿಪ್ರೈಮ್ ವಿಂಡೋಸಿಗೆ ಅಂತ ಮಾಡಿದ ಸಾಫ್ಟ್‌ವೇರ್. ವೈನ್ ಮೂಲಕ ಓಡಿಸೋ ಪ್ರಯತ್ನ ಮಾಡಬಹುದು, ಆದ್ರೆ ಪ್ರಾಕ್ಟಿಕಲ್ ಪರೀಕ್ಷೆ ಹತ್ರ ಇಟ್ಕೊಂಡು ಅದನ್ನೇ ನಂಬಿ ಕೂರಬೇಡಿ. ನಾನು ಭಾನುವಾರ ಅಕ್ಕನ ಲ್ಯಾಪ್‌ಟಾಪಲ್ಲಿ ಎಜುಕೇಷನಲ್ ಮೋಡ್ ಹಾಕ್ಕೊಂಡು ಕಲೀತೀನಿ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕೋಕೆ ಆಗೋದು. ಕಲಿಯೋಕೆ ಅಷ್ಟು ಸಾಕು. ಉಳಿದಿದ್ದು ಕಾಲೇಜ್ ಲ್ಯಾಬಲ್ಲಿ. ಮನೇಲಿ ಬೇರೆ ವಿಂಡೋಸ್ ಮಿಷನ್ ಇಲ್ಲ, ಟ್ಯಾಲಿ ದಿನಾ ಬೇಕು ಅನ್ನೋರು ವಿಂಡೋಸನ್ನು ಪೂರ್ತಿ ತೆಗೆಯಬೇಡಿ. ಇದನ್ನು ಗಟ್ಟಿಯಾಗಿ ಹೇಳ್ತಿದ್ದೀನಿ.

ಎಕ್ಸೆಲ್ ಬದಲು ಲಿಬ್ರೆಆಫೀಸ್ ಕ್ಯಾಲ್ಕ್ ಇದೆ. ನಮ್ಮ ಅಸೈನ್‌ಮೆಂಟಿಗೆ ಬೇಕಾದ ಪಿವಟ್ ಟೇಬಲ್, ವಿಲುಕಪ್ ಎಲ್ಲಾ ಆಗುತ್ತೆ. ಎಕ್ಸ್‌ಲುಕಪ್ ಕೂಡ 24.8 ಆವೃತ್ತಿಯಿಂದ ಬಂದಿದೆ. ಮ್ಯಾಕ್ರೋ ತುಂಬಿರೋ ಫೈಲುಗಳು ಮಾತ್ರ ತಕರಾರು ಮಾಡಬಹುದು. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್, ಯೂನಿವರ್ಸಿಟಿ ಲಾಗಿನ್ ಎಲ್ಲಾ ಬ್ರೌಸರಲ್ಲಿ ನಡೆಯುತ್ತೆ.

ಕನ್ನಡ? ಇದು ನನಗೆ ಖುಷಿ ಕೊಟ್ಟ ಭಾಗ. ನುಡಿಯಲ್ಲಿ ಟೈಪ್ ಮಾಡಿ ಕೈ ಕೂತಿರೋರಿಗೆ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸಲ್ಲೂ ಇದೆ. ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದ್ರೆ ಪಟ್ಟಿಯಲ್ಲಿ ಸಿಗುತ್ತೆ. ಗುಬ್ಬಿ, ನವಿಲು ಅಂತ ಎರಡು ಮುಕ್ತ ಕನ್ನಡ ಫಾಂಟುಗಳೂ ಸಾಫ್ಟ್‌ವೇರ್ ಭಂಡಾರದಲ್ಲೇ ಇವೆ. ಈ ಕ್ಯಾಪ್ಷನ್ ಟೈಪ್ ಮಾಡಿದ್ದು ಹಾಗೇ. ಹಳೇ ನುಡಿ ಫಾಂಟಲ್ಲಿ ಬರೆದ ಕಡತಗಳು ಮಾತ್ರ ಆ ಫಾಂಟ್ ಹಾಕದೆ ಅಥವಾ ಯೂನಿಕೋಡ್‌ಗೆ ಬದಲಾಯಿಸದೆ ಓದೋಕೆ ಆಗಲ್ಲ.

ಇದನ್ನೆಲ್ಲ ಮಾಡಿಟ್ಟೋರು ಬಹಳಷ್ಟು ಜನ ಸಂಬಳ ಇಲ್ಲದೆ ಮಾಡಿದ್ದಾರೆ. ಓಂಶಿವಪ್ರಕಾಶ್ ಅವರ “ಲಿನಕ್ಸಾಯಣ” ಹುಡುಕಿ ಓದಿ, ಕನ್ನಡದಲ್ಲೇ ಲಿನಕ್ಸ್ ಹೇಳಿಕೊಟ್ಟಿದ್ದಾರೆ.

ಭಾಗ 8/9: ಮಾಡೋ ಕ್ರಮ

ನಾನು ಹಾಕಿದ್ದು ಲಿನಕ್ಸ್ ಮಿಂಟ್ 22ನೇ ಸರಣಿ. 2029ರವರೆಗೆ ಅಪ್‌ಡೇಟ್ ಬರುತ್ತೆ, ನೋಡೋಕೆ ಹಳೇ ವಿಂಡೋಸ್ ಥರಾನೇ ಇದೆ, ಅಮ್ಮನಿಗೂ ಹೇಳಿಕೊಡಬೇಕಾಗಲಿಲ್ಲ. ಬರೀ ಗೇಮಿಗೆ ಅಂತ ಬಜೈಟ್, ನೊಬಾರಾ ಥರದವೂ ಇವೆ.

1. ಮೊದಲು ಬ್ಯಾಕಪ್. ಫೋಟೋ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಗೇಮ್ ಸೇವ್ ಎಲ್ಲಾ ಬೇರೆ ಹಾರ್ಡ್ ಡಿಸ್ಕಿಗೆ. ಪಿಸಿಯಲ್ಲಿ ಬಿಟ್‌ಲಾಕರ್ ಆನ್ ಇದ್ರೆ ಅದರ ರಿಕವರಿ ಕೀ ಬರೆದಿಟ್ಕೊಳ್ಳಿ.

2. 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್ ಫೈಲು ಹೆಚ್ಚುಕಮ್ಮಿ 3 ಜಿಬಿ. ರೂಫಸ್ ಅಥವಾ ಎಚರ್‌ನಿಂದ ಪೆನ್‌ಡ್ರೈವಿಗೆ ಇಳಿಸಿ.

3. ಪೆನ್‌ಡ್ರೈವಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಒಂದು ಸಂಜೆ ಹಾಗೇ ಬಳಸಿ ನೋಡಿ. ವೈಫೈ, ಸೌಂಡ್, ಮೈಕ್, ಕಂಟ್ರೋಲರ್ ಎಲ್ಲಾ ಓಡ್ತಿದ್ಯಾ? ಇಲ್ಲ ಅಂದ್ರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ, ನಿಮ್ಮ ವಿಂಡೋಸ್ ಹೇಗಿತ್ತೋ ಹಾಗೇ ಇರುತ್ತೆ.

4. ಗ್ರಾಫಿಕ್ಸ್ ಕಾರ್ಡ್ ಎಎಂಡಿ ಆದ್ರೆ ಡ್ರೈವರ್ ಒಳಗೇ ಬರುತ್ತೆ. ಎನ್‌ವಿಡಿಯಾ ಆದ್ರೆ ಡ್ರೈವರ್ ಮ್ಯಾನೇಜರಲ್ಲಿ ಅವರದ್ದು ಆರಿಸಿ ಹಾಕಬೇಕು.

5. ಎರಡು ಡಿಸ್ಕ್ ಇರೋರು ಡ್ಯುಯಲ್ ಬೂಟ್ ಇಟ್ಕೊಳ್ಳಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆಮುಂದೆ ತೋರಿಸಿದ್ರೆ ಗಾಬರಿ ಬೇಡ. ಲಿನಕ್ಸ್ ಪಿಸಿಯ ಗಡಿಯಾರವನ್ನು ಗ್ರೀನಿಚ್ ಲೆಕ್ಕದಲ್ಲಿ ಇಡುತ್ತೆ, ವಿಂಡೋಸ್ ಭಾರತದ ಲೆಕ್ಕದಲ್ಲಿ ಓದುತ್ತೆ. ಒಂದೇ ಸೆಟ್ಟಿಂಗಲ್ಲಿ ಸರಿಹೋಗುತ್ತೆ.

6. ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವಲ್ಲಿರೋ ಗೇಮನ್ನು ಅಲ್ಲಿಂದಲೇ ಓಡಿಸೋಕೆ ಹೋಗಬೇಡಿ, ಪ್ರೋಟಾನ್ ಕೈಕೊಡುತ್ತೆ. ಲಿನಕ್ಸ್ ಡ್ರೈವಿಗೆ ಮತ್ತೆ ಇಳಿಸಿ.

7. ಸ್ಟೀಮ್ ಸಾಫ್ಟ್‌ವೇರ್ ಮ್ಯಾನೇಜರಲ್ಲೇ ಇದೆ. ಎಪಿಕ್‌ನಲ್ಲಿ 2020ರಲ್ಲಿ ಫ್ರೀ ಸಿಕ್ಕ ಜಿಟಿಎ 5 ಇನ್ನೂ ಇಟ್ಕೊಂಡಿದ್ದೀರಲ್ಲ? ಅದಕ್ಕೆ ಹೀರೋಯಿಕ್ ಲಾಂಚರ್. ಮೊದಲ ಸಲ ಗೇಮ್ ತೆರೆಯುವಾಗ ಶೇಡರ್ ತಯಾರಿ ಅಂತ ಕಾಯಿಸುತ್ತೆ, ಕಾಫಿ ಕುಡ್ಕೊಂಡು ಬನ್ನಿ.

8. ಎಲ್ಲಾ ಸರಿಹೋದ ದಿನ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್. ಮುಂದೆ ಸಿಸ್ಟಂ ಏನಾದ್ರೂ ಎಡವಟ್ಟಾದ್ರೆ ಆ ದಿನಕ್ಕೆ ವಾಪಸ್ ಹೋಗಬಹುದು.

ನಾನು ಡ್ಯುಯಲ್ ಬೂಟ್ ಇಟ್ಕೊಳ್ಳಲಿಲ್ಲ. 240 ಜಿಬಿ ಎಸ್‌ಎಸ್‌ಡಿಯಲ್ಲಿ ಎರಡಕ್ಕೂ ಜಾಗ ಸಾಲಲ್ಲ ಅನ್ನೋದು ಒಂದು ಕಾರಣ. ಇನ್ನೊಂದು, ವಿಂಡೋಸ್ ಅಲ್ಲೇ ಇದ್ರೆ ರಾತ್ರಿ 10 ಆದ ತಕ್ಷಣ ಅದಕ್ಕೇ ಹೋಗ್ತೀನಿ ಅಂತ ನನಗೆ ಗೊತ್ತಿತ್ತು. ಒಂದು ವರ್ಷ ಕಳೆದು ಮುಂದಿನ ಅಕ್ಟೋಬರಲ್ಲಿ ಇದೇ ಪ್ರಶ್ನೆ ಇದೇ ಜಾಗದಲ್ಲಿ ಕೂತಿರುತ್ತಿತ್ತು.

ಭಾಗ 9/9: ಮೂರು ತಿಂಗಳ ಲೆಕ್ಕ

ಖರ್ಚು: ಪೆನ್‌ಡ್ರೈವ್ 350 ರೂಪಾಯಿ. ದೀಪಾವಳಿ ರಜೆಯ ಎರಡು ದಿನ. ವ್ಯಾಲೊರಂಟಲ್ಲಿ ಎರಡು ವರ್ಷದ ರ‍್ಯಾಂಕು. ವಾರಕ್ಕೆ ನಾಲ್ಕೈದು ರಾತ್ರಿಯ ಮಾತು.

ಜಮೆ: 58,000 ರೂಪಾಯಿ ಮನೇಲೇ ಉಳೀತು, ತಂಗಿಯ ಪಿಯು ಫೀಸಿಗೆ ಆಯ್ತು. ಅಪ್‌ಡೇಟ್ ಬರೋ, ಬ್ಯಾಂಕ್ ಲಾಗಿನ್‌ಗೆ ಭಯ ಇಲ್ಲದ ಪಿಸಿ. ನನ್ನ ಸ್ಟೀಮ್ ಲೈಬ್ರರಿಯ 23 ಗೇಮಲ್ಲಿ 21 ಓಡ್ತಿವೆ. ಪಿಸಿ ಒಳಗೆ ಏನು ಎಲ್ಲಿದೆ ಅಂತ ಏಳು ವರ್ಷದಲ್ಲಿ ಗೊತ್ತಾಗದಿದ್ದು ಮೂರು ತಿಂಗಳಲ್ಲಿ ಗೊತ್ತಾಗಿದೆ.

ಐದು ಜನರ ಖಾತೆ ಇನ್ನೂ ಟ್ಯಾಲಿ ಆಗಿಲ್ಲ. ಡಿಸೆಂಬರಲ್ಲಿ ನಾನೇ ಕೇಳಿದೆ, “ಬುಧವಾರ ಒಂದು ದಿನ ಸಿಎಸ್ 2 ಆಡೋಣ್ವಾ?” ಅಂತ. ಅದು ಫ್ರೀ, ವಿಂಡೋಸಲ್ಲೂ ಓಡುತ್ತೆ, ಲಿನಕ್ಸಲ್ಲೂ ಓಡುತ್ತೆ. ಮೂರು ಜನ ಬಂದ್ರು. ಮೈಸೂರಿನವನ ಲ್ಯಾಪ್‌ಟಾಪ್ ದೋಸೆ ಹೆಂಚಿನ ಥರ ಕಾಯುತ್ತೆ, ಆದ್ರೂ ಬರ್ತಾನೆ. ತಿಂಗಳಿಗೊಂದು ಭಾನುವಾರ ವಿಜಯನಗರದ ಗೇಮಿಂಗ್ ಕೆಫೆಯಲ್ಲಿ ಗಂಟೆಗೆ 60 ರೂಪಾಯಿ ಕೊಟ್ಟು ವ್ಯಾಲೊರಂಟ್ ಆಡ್ತೀವಿ. ಒಬ್ಬರ ಪಕ್ಕ ಒಬ್ಬರು ಕೂತು ಆಡಿದ್ದು ಎರಡು ವರ್ಷದಲ್ಲಿ ಅದೇ ಮೊದಲು. ಕೆಂಗೇರಿಯವನು ಎರಡಕ್ಕೂ ಬರಲ್ಲ. ಅವನಿಗೆ ಹೊಸ ಐದು ಜನ ಇದ್ದಾರೆ. ನಾನು ಅವನನ್ನು ದೂರಲ್ಲ, ಆದ್ರೆ ಅವನು ಹೋಗಿದ್ದು ನನಗೆ ಲೆಕ್ಕಕ್ಕೆ ಬಂದಿದೆ.

ಮತ್ತೆ ಇದೇ ನಿರ್ಧಾರ ಮಾಡ್ತೀಯಾ ಅಂತ ಕೇಳಿದ್ರೆ, ಮಾಡ್ತೀನಿ. 58,000 ಅನ್ನೋದು ಅಪ್ಪನ ಎಷ್ಟು ತಿಂಗಳ ಓಟಿ ಅಂತ ನನಗೆ ಗೊತ್ತು. ನಿಮ್ಮ ಮನೆ ಲೆಕ್ಕ ಬೇರೆ ಇರುತ್ತೆ. ನೀವು ಒಬ್ಬರೇ ಕಥೆ ಗೇಮ್ ಆಡೋರಾದ್ರೆ ಈ ವಾರಾಂತ್ಯವೇ ಪೆನ್‌ಡ್ರೈವ್ ರೆಡಿ ಮಾಡಿ. ರಾತ್ರಿ 10ಕ್ಕೆ ನಿಮಗಾಗಿ ಯಾರೋ ನಾಲ್ಕು ಜನ ಕಾಯ್ತಿದ್ರೆ, ಓಎಸ್ ಬದಲಾಯಿಸೋ ಮುಂಚೆ ಅವರ ಹತ್ರ ಮಾತಾಡಿ. ಮುಂದೆ ಯಾವ ಗೇಮಲ್ಲಿ, ಯಾವ ದಿನ ಸಿಗ್ತೀವಿ ಅಂತ ಮೊದಲು ಗೊತ್ತು ಮಾಡ್ಕೊಳ್ಳಿ. ಆಮೇಲೆ ಫಾರ್ಮ್ಯಾಟ್ ಮಾಡಿ.

ಕಮೆಂಟಲ್ಲಿ ಮೂರು ವಿಷಯ ಬರೀರಿ: ನಿಮ್ಮ ಪ್ರೊಸೆಸರ್ ಯಾವುದು, ಯಾವ ಗೇಮ್ ಆಡ್ತೀರಿ, ಯಾರ ಜೊತೆ. ಓಡುತ್ತಾ ಇಲ್ವಾ ಅಂತ ನೋಡಿ ಹೇಳ್ತೀನಿ. ಬಸವೇಶ್ವರನಗರ, ವಿಜಯನಗರ ಕಡೆ ನನಗೆ ಪರಿಚಯ ಇರೋ ಕ್ಲಾಸ್‌ಮೇಟ್ಸ್ ಆದ್ರೆ ಪೆನ್‌ಡ್ರೈವ್ ನಾನೇ ತಂದುಕೊಡ್ತೀನಿ, 350 ರೂಪಾಯಿ ನಿಮಗೂ ಉಳೀಲಿ.

ಮತ್ತೆ ಬುಧವಾರದ ಸಿಎಸ್‌ಗೆ ನಾವು ನಾಲ್ಕೇ ಜನ. ಐದನೇ ಜಾಗ ಖಾಲಿ ಇದೆ.

#ಲಿನಕ್ಸ್ #ಗೇಮಿಂಗ್‌ಕನ್ನಡ #ಬಿಕಾಂಹುಡುಗ #ಬಸವೇಶ್ವರನಗರ